ಹಳೆಯ ವಾಯುಭಾರ ಸರಣಿಗೆ ‘ಪುನಾರಚನೆ’ ಎನ್ನಬಹುದೇ?

ಮಾನ್ಯರೇ,

ಹಳೆಯ ಹವಾಮಾನ ದಿನಚರಿಗಳನ್ನು ಆಧರಿಸಿ ವಾಯುಭಾರದ ದೀರ್ಘಾವಧಿ ಸರಣಿಯನ್ನು ಸಿದ್ಧಪಡಿಸುವ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ‘ರೀಕನ್‌ಸ್ಟ್ರಕ್ಷನ್’ ಎಂಬ ಪದದ ಬಳಿ ನಿಂತುಬಿಟ್ಟಿದ್ದೇನೆ. ಪ್ಯಾರಿಸ್‌ಗೆ 1670ರಿಂದ, ಲಂಡನ್ನಿಗೆ 1692ರಿಂದ ಇಂಥ ಸರಣಿಗಳಿವೆ. (‘ದಾಖಲೆ’ ಎನ್ನಲಿಲ್ಲ, ‘ದಾಖಲೆ ಮಳೆ’ಯ ಕಾಲದಲ್ಲಿ ‘ವಾಯುಭಾರದ ದಾಖಲೆ’ ಎಂದರೆ ಓದುಗರು ಬೇರೇನೋ ತಿಳಿದಾರು.)

ಮೊದಲು ಹೊಳೆಯುವ ಪದ ‘ಪುನಾರಚನೆ’. ರೂಪದ ಬಗ್ಗೆ ನನಗೆ ಗೊಂದಲವಿಲ್ಲ: ರಕಾರದಿಂದ ಬಂದ ವಿಸರ್ಗದ ಮುಂದೆ ರೇಫ (ರ) ಬಂದಾಗ ವಿಸರ್ಗ ಲೋಪವಾಗಿ ಹಿಂದಿನ ಸ್ವರ ದೀರ್ಘವಾಗುವುದರಿಂದ, ನೀರಸ, ನೀರೋಗಗಳಂತೆ ಇದೂ ‘ಪುನಾರಚನೆ’ಯೇ ಆಗಬೇಕು, ‘ಪುನರ್ರಚನೆ’ ನನಗಂತೂ ಒಗ್ಗದು. ತೊಡಕಿರುವುದು ಅರ್ಥದಲ್ಲಿ. ಸಂಪುಟ ಪುನಾರಚನೆ ಎಂದಾಗ ಇದ್ದುದನ್ನು ಕಳಚಿ ಬೇರೆಯದನ್ನು ಕಟ್ಟಿದರು ಎಂಬ ಭಾವ ಬರುತ್ತದೆ. ಇಲ್ಲಿ ನಡೆಯುವುದು ಅಂದು ಇದ್ದ ಒತ್ತಡವನ್ನೇ ಮರಳಿ ಕಂಡುಕೊಳ್ಳುವ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. ದಿನಚರಿಯಲ್ಲಿ ‘28 ಇಂಚು 1 ಲೈನು’ ಎಂದಿದೆ ಎಂದಿಟ್ಟುಕೊಳ್ಳಿ (ಲೈನೆಂದರೆ ಇಂಚಿನ ಹನ್ನೆರಡನೇ ಒಂದು ಪಾಲು). ಅದು ಸುಮಾರು 27.07 ಮಿ.ಮೀ. ಉದ್ದದ ಹಳೆಯ ಪ್ಯಾರಿಸ್ ಇಂಚಾದರೆ ವಾಯುಭಾರಮಾಪಕದಲ್ಲಿನ ಪಾದರಸದ ಎತ್ತರ 760 ಮಿ.ಮೀ. ಆಗುತ್ತದೆ, ಇಂಗ್ಲಿಷ್ ಇಂಚೆಂದು ಓದಿದರೆ 713ಕ್ಕೆ ಕುಸಿದು, ಸಮತಟ್ಟಾದ ನಗರ ಬೆಟ್ಟ ಹತ್ತಿ ಕುಳಿತಂತಾಗುತ್ತದೆ. ಉಪಕರಣವಿದ್ದ ಕೋಣೆಯ ತಾಪ 20 ಡಿಗ್ರಿ ಸೆಲ್ಸಿಯಸ್ ಇದ್ದರೆ, ಪಾದರಸ ಹಿಗ್ಗಿದ್ದಕ್ಕಾಗಿ ಸುಮಾರು ಎರಡೂವರೆ ಮಿ.ಮೀ. ಕಳೆಯಬೇಕು. ಆಮೇಲೆ ಗುರುತ್ವದ ತಿದ್ದುಪಡಿ, ಕೊನೆಗೆ ಸ್ಥಳದ ಎತ್ತರವನ್ನು ಲೆಕ್ಕಕ್ಕೆ ಹಿಡಿದು ಸಮುದ್ರಮಟ್ಟದಲ್ಲಿ ಒತ್ತಡ ಎಷ್ಟಿರುತ್ತಿತ್ತೆಂದು ಕಾಣುವ ತಿದ್ದುಪಡಿ. ಈ ಕೊನೆಯದನ್ನು ‘ಸಮುದ್ರಮಟ್ಟಕ್ಕೆ ಇಳಿಸುವುದು’ ಎಂದು ಬರೆದು ಹೊಡೆದುಹಾಕಿದೆ. ತಗ್ಗಿನಲ್ಲಿ ಪ್ರತಿ ಎಂಟು ಮೀಟರಿಗೆ ಸುಮಾರು ಒಂದು ಹೆಕ್ಟೊಪಾಸ್ಕಲ್‌ನಂತೆ (ಇದು ಒತ್ತಡದ ಈಗಿನ ಮಾನ) ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ‘ಸಮುದ್ರಮಟ್ಟಕ್ಕೆ ಹೊಂದಿಸುವುದು’ ಎಂದು ತಿದ್ದಿದ್ದೇನೆ.

ಇವೆಲ್ಲ ಮುಗಿದ ಮೇಲೆ ನೆರೆಯ ಕೇಂದ್ರಗಳ ಅಂಕಿಗಳೊಡನೆ ಹೋಲಿಸಿ, ಉಪಕರಣ ಸ್ಥಳ ಬದಲಿಸಿದ್ದರಿಂದಲೋ ಬರೆದವರ ಕೈತಪ್ಪಿನಿಂದಲೋ ಬಂದ ಜಿಗಿತಗಳನ್ನು ಸರಿಪಡಿಸುತ್ತಾರೆ. ಹಲವು ಓಲೆಪ್ರತಿಗಳನ್ನು ಎದುರಿಟ್ಟುಕೊಂಡು ಪಾಠಾಂತರಗಳನ್ನು ತೂಗಿ ಮೂಲಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕರ ದುಡಿಮೆ ನನಗೆ ನೆನಪಾದದ್ದು ಇಲ್ಲಿಯೇ. ಆದರೆ ‘ವಾಯುಭಾರ ಸಂಪಾದನೆ’ ಎಂದರೆ ಗಳಿಕೆಯ ವಾಸನೆ ಹೊಡೆಯುತ್ತದೆ. ‘ಪರಿಷ್ಕರಣೆ’ ಎಂದರೆ ಬರೆದಿಟ್ಟ ಅಂಕಿಯನ್ನು ತಿದ್ದಿದ್ದಕ್ಕೆ ಸಲ್ಲುತ್ತದೆ, ಬರೆಯದೆ ಬಿಟ್ಟ ದಿನಗಳನ್ನು ನೆರೆಯ ಕೇಂದ್ರಗಳ ಆಧಾರದಿಂದ ಅಂದಾಜಿಸಿ ತುಂಬಿದ್ದಕ್ಕೆ ಸಲ್ಲುವುದಿಲ್ಲ.

ಸದ್ಯ ತಿದ್ದಿದ್ದಕ್ಕೆ ‘ಪರಿಷ್ಕರಣೆ’, ತುಂಬಿದ್ದಕ್ಕೆ ‘ಪೂರಣ’, ಎರಡೂ ಸೇರಿದ ಇಡೀ ಕೆಲಸಕ್ಕೆ ‘ಮರುಜೋಡಣೆ’ ಎಂದು ಬರೆದಿಟ್ಟಿದ್ದೇನೆ. ‘ಮರುಜೋಡಣೆ’ ಯಂತ್ರದ ಬಿಡಿಭಾಗಗಳ ನೆನಪು ತರುತ್ತದೆಯೇ? ಇದಕ್ಕಿಂತ ಒಪ್ಪುವ ಪದವನ್ನು ಯಾರಾದರೂ ಬಳಸಿದ್ದರೆ, ಬಳಸಿದ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.