ಕೆರೆ ಪಕ್ಕದ ಜಾಗಕ್ಕೆ ಜನರಿಂದಲೇ ನಕ್ಷೆ ಮಾಡಿಸೋದು ಹೇಗೆ?

ಏರಿಕೆಳಗಿನಮನೆ:
ನಮ್ಮ ಬಡಾವಣೆಗೆ ಅಂಟಿಕೊಂಡಿರುವ ಕೆರೆ ಏರಿಯ ಕೆಳಗೆ ಸುಮಾರು ಒಂದು ಎಕರೆ ಖಾಲಿ ಜಾಗವಿದೆ. ಪಾರ್ಕ್ ಮಾಡಲು ಪುರಸಭೆ ಒಪ್ಪಿದೆ. ಅಲ್ಲಿ ಏನಿರಬೇಕು ಅಂತ ಜನರೇ ಕೂತು ತೀರ್ಮಾನಿಸಲಿ ಅನ್ನೋದು ನನ್ನ ಆಸೆ. ಭಾನುವಾರ ಕಾರ್ಯಾಗಾರ ಇಟ್ಟಿದ್ದೇವೆ, ಆರ್ಕಿಟೆಕ್ಟ್ ತ್ರೀಡಿ ಚಿತ್ರ ತರುತ್ತಾರಂತೆ. ಆದರೆ ನಮ್ಮಲ್ಲಿ ಸಭೆ ಅಂದರೆ ಮೂರ್ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ದನ ಮೇಯಿಸುವವರು, ಪಕ್ಕದ ಕಾಲೋನಿಯ ಹೆಂಗಸರು ಬರೋದೇ ಇಲ್ಲ. ಏನು ಮಾಡಲಿ?

ಹಳೇಜಲಾನಯನ:
ಮೇಡಂ, ಆ ತ್ರೀಡಿ ಚಿತ್ರ ಮೊದಲ ದಿನ ಬೇಡವೇ ಬೇಡ. ಸಿದ್ಧ ಚಿತ್ರ ಕಂಡರೆ ಜನ 'ಚೆನ್ನಾಗಿದೆ' ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ನಾನು ಜಲಾನಯನ ಯೋಜನೆಗಳಲ್ಲಿ ದುಡಿದವನು. ನಾವು ನಕ್ಷೆ ಬರೆಸುತ್ತಿದ್ದದ್ದು ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ. ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್, ಅಂದರೆ ಹಳ್ಳಿಯವರೇ ತಮ್ಮ ಊರಿನ ಸ್ಥಿತಿಗತಿ ಬಿಡಿಸಿ ತೋರಿಸೋದು) ಅನ್ನುವ ಈ ಪದ್ಧತಿಯನ್ನು 1989ರ ಹೊತ್ತಿಗೆ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲೇ ಮಾಡಿ ಬೆಳೆಸಿತು. ನೀರಿಗೆ ನೀಲಿ ಪುಡಿ, ದಾರಿಗೆ ಬಿಳಿ, ಮನೆಗೆ ಕಲ್ಲು, ಮರಕ್ಕೆ ಸೊಪ್ಪಿನ ಎಸಳು. ಪೆನ್ನು ಹಾಳೆ ಇಟ್ಟರೆ ಓದಿದವರೇ ಕೈ ಚಾಚುತ್ತಾರೆ. ಪುಡಿ ಇಟ್ಟು ನೋಡಿ, ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕೂತೇಬಿಡುತ್ತಾರೆ. ಪುಡಿ ಡಬ್ಬಿ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಕಣ್ಣಿಡಿ. ಒಬ್ಬರೇ ಹಿಡಿದುಕೊಂಡರೆ ಪಕ್ಕದವರಿಗೆ ಕೊಡಿಸಿ.

ಆಮೇಲೆ ತಲೆಗೆ ಹತ್ತು ಹುಣಸೆಬೀಜ ಹಂಚಿ. ನೆರಳು, ಶೌಚಾಲಯ, ಆಟದ ಜಾಗ, ದೀಪ: ಯಾವುದು ಜಾಸ್ತಿ ಬೇಕೋ ಅಲ್ಲಿ ಜಾಸ್ತಿ ಬೀಜ. ಹೆಂಗಸರದ್ದು, ಮಕ್ಕಳದ್ದು, ದನದವರದ್ದು ಬೇರೆ ಬೇರೆ ಎಣಿಸಿ. ಎಲ್ಲ ಒಟ್ಟಿಗೆ ಸುರಿದರೆ ಕಡಿಮೆ ಜನರಿರುವ ಗುಂಪಿನ ಮಾತು ಮುಳುಗಿಹೋಗುತ್ತದೆ.

ಸರ್ಜಾಪುರರಸ್ತೆ:
ಬೆಂಗಳೂರಿಗೆ ಬಂದರೆ ಕೈಕೊಂಡ್ರಹಳ್ಳಿ ಕೆರೆ ನೋಡಿ. ಸುಮಾರು 48 ಎಕರೆ. 2009ರ ಸುಮಾರಿಗೆ ಅದರ ಜೀರ್ಣೋದ್ಧಾರ ಶುರುವಾದಾಗ ಸುತ್ತಲಿನ ನಿವಾಸಿಗಳು, ಪಾಲಿಕೆ ಎಂಜಿನಿಯರ್‌ಗಳು, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರಂಥವರು ಕೈಜೋಡಿಸಿದರು. ವಾಕಿಂಗ್ ಮಾಡುವವರಷ್ಟೇ ಕೆರೆಯವರಲ್ಲ, ಹುಲ್ಲು ಕೊಯ್ಯುವವರೂ ಕೆರೆಯವರೇ. ಬೇಲಿ ಎಲ್ಲಿ, ಗೇಟ್ ಎಲ್ಲಿ ಅನ್ನುವಾಗ ದನದವರು ನಿಮ್ಮ ಪಕ್ಕ ಇರಲೇಬೇಕು.

ಏರಿಕೆಳಗಿನಮನೆ:
ತುಂಬಾ ಉಪಕಾರವಾಯ್ತು ಸರ್. ಆದರೆ ದನದವರು ಭಾನುವಾರ ಹನ್ನೊಂದಕ್ಕೆ ಹೇಗೆ ಬಂದಾರು?

ಹಳೇಜಲಾನಯನ:
ಅವರು ಬರೋದು ಬೇಡ, ನೀವು ಹೋಗಿ. ದನ ನೀರಿಗಿಳಿಯುವ ಹೊತ್ತಿಗೆ ಏರಿ ಮೇಲೆ ಅವರ ಜೊತೆ ನಡೆಯಿರಿ, ಅಲ್ಲೇ ಕಡ್ಡಿಯಲ್ಲಿ ಗೀಚಿಸಿ. ಹೆಂಗಸರ ಜೊತೆ ಕಾಲೋನಿಯಲ್ಲೇ ಸಂಜೆ ಕೂರಿ.

ಇನ್ನೊಂದು ಮಾತು. ಪುರಸಭೆ ಎಂಜಿನಿಯರ್ ಭಾನುವಾರ ಅಲ್ಲೇ ಇರಲಿ. ಎಸ್ಟಿಮೇಟ್‌ನಲ್ಲಿ, ಅಂದರೆ ಕೆಲಸ-ಖರ್ಚಿನ ಅಂದಾಜು ಪಟ್ಟಿಯಲ್ಲಿ, ಬಾರದ್ದು ಜಾಗದ ಮೇಲೆ ಬರೋದಿಲ್ಲ. ಟೆಂಡರ್ ಕರೆಯುವ ಮುಂಚೆ ಆ ಎಸ್ಟಿಮೇಟನ್ನು, ನಕ್ಷೆಯ ಫೋಟೋನ ಅಕ್ಕಪಕ್ಕ ಇಟ್ಟು ಜನರ ಮುಂದೆ ಸಾಲು ಸಾಲಾಗಿ ಓದಿಸಿ. ಏನಾದರೂ ಕೈಬಿಟ್ಟಿದ್ದರೆ ಯಾಕೆ ಅಂತ ಎಂಜಿನಿಯರೇ ಹೇಳಲಿ.