ಸಹಾಯ ಬೇಕು: ಮಾರಾಟದ ಫೋಟೊಗಳಲ್ಲಿ ನಿಜವಾದ ಜೋಡಿ ಅಚ್ಚನ್ನು ಗುರುತಿಸುವುದು ಹೇಗೆ?

ಮಾನ್ಯ ಸದಸ್ಯರೇ,

ಆನ್‌ಲೈನ್ ಮಾರಾಟಗಾರರು ಸಾಧಾರಣ ನಾಣ್ಯಗಳೆಂದು ಪಟ್ಟಿ ಮಾಡಿರುವವುಗಳ ನಡುವೆ ಅಪರೂಪದ ಅಚ್ಚಿನ ಭೇದಗಳನ್ನು ಹುಡುಕುವುದು ನನ್ನ ಹವ್ಯಾಸವಾಗಿದ್ದು, ಒಂದು ವಿಷಯದಲ್ಲಿ ನಿಮ್ಮ ಮಾರ್ಗದರ್ಶನ ಬೇಕಾಗಿದೆ. 1955ರ ಲಿಂಕನ್ ಸೆಂಟ್‌ನ (ಅಮೆರಿಕದ ಒಂದು ಸೆಂಟ್ ನಾಣ್ಯ) ಪ್ರಸಿದ್ಧ ಜೋಡಿ ಅಚ್ಚು, ಅಂದರೆ ಅಚ್ಚಿನಲ್ಲೇ ಬರಹ ಎರಡೆರಡಾಗಿ ಮೂಡಿದ ದೋಷ, ಬರಿಗಣ್ಣಿಗೇ ಕಾಣುವುದರಿಂದ ಅದು ಮಾರಾಟಗಾರರ ಕಣ್ಣು ತಪ್ಪುವುದು ವಿರಳ, ಉಳಿಯುವುದೇನಿದ್ದರೂ ಸೂಕ್ಷ್ಮವಾದವು. ನಾಣ್ಯ ಕೈಯಲ್ಲಿದ್ದರೆ ಭೂತಗನ್ನಡಿಯಡಿ ವ್ಯತ್ಯಾಸ ತಿಳಿಯುತ್ತದೆ: ಅಚ್ಚಿನಲ್ಲೇ ಜೋಡಿ ಮೂಡಿದ್ದರೆ ಅಕ್ಷರವು ದಪ್ಪವಾಗಿ, ಅದರ ತುದಿಗಳು ಕವಲೊಡೆದಿರುತ್ತವೆ, ಟಂಕಿಸುವಾಗ ಅಚ್ಚು ಸಡಿಲವಾಗಿ ಅಲುಗಿದ್ದರೆ ಅಕ್ಷರದ ಅಂಚು ಮೆಟ್ಟಿಲಿನಂತೆ ಚಪ್ಪಟೆಯಾಗಿ ತಗ್ಗಿ ಅಕ್ಷರವೇ ಸಣಕಲಾಗುತ್ತದೆ, ಮತ್ತು ಸಂಗ್ರಾಹಕರು ಸಾಮಾನ್ಯವಾಗಿ ಅದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ. ಆದರೆ ಒಂದೇ ಬದಿಯಿಂದ ಬೆಳಕು ಬಿದ್ದ ಮಸುಕು ಫೋಟೊದಲ್ಲಿ (ಹೆಚ್ಚಿನವು ಹಾಗೆಯೇ ಇರುತ್ತವೆ ಎಂಬುದು ಬೇರೆ ಮಾತು) ಇವೆರಡೂ ಕೇವಲ ನೆರಳಾಗಿ ತೋರುತ್ತವೆ.

ಇಂತಹ ಫೋಟೊಗಳಲ್ಲಿ ನೀವು ಮೊದಲು ಪರಿಶೀಲಿಸುವುದು ಇಸವಿಯನ್ನೋ, ಟಂಕಸಾಲೆಯ ಗುರುತನ್ನೋ, ಬರಹವನ್ನೋ? ಈಗಾಗಲೇ ತಿಳಿದಿರುವ ಜೋಡಿ ಅಚ್ಚಿನಿಂದಲೇ ಬಂದ ನಾಣ್ಯವೆಂದು ಖಚಿತಪಡಿಸಿಕೊಳ್ಳಲು ಅಚ್ಚಿನ ಬಿರುಕು, ಗೀರುಗಳನ್ನು ಹೋಲಿಸಿ ನೋಡುವ ಕ್ರಮ ಫೋಟೊದಲ್ಲಿ ಎಷ್ಟರಮಟ್ಟಿಗೆ ನಂಬಲರ್ಹ? ಮಾರಾಟಗಾರರಿಂದ ಇನ್ನೊಂದು ಫೋಟೊ ಕೇಳುವುದಾದರೆ ಬೆಳಕು ಯಾವ ಕೋನದಲ್ಲಿರಬೇಕೆಂದು ಹೇಳಬೇಕು ಎಂಬುದನ್ನೂ ಅನುಭವಸ್ಥರು ದಯವಿಟ್ಟು ತಿಳಿಸಿ.