ಸಹಾಯ ಬೇಕು: ರೈಲ್ವೆ ಆಕ್ಸಿಡೆಂಟಲ್ಲಿ ತೀರಿಕೊಂಡವರ ಮನೆಯವರ ಜೊತೆ ನಿಲ್ಲೋಕೆ ಕನ್ನಡ ಬರೋರು

ಎಲ್ಲರಿಗೂ ನಮಸ್ಕಾರ, ಮುಂಬೈ ಕನ್ನಡಿಗರಲ್ಲಿ ಒಂದು ರಿಕ್ವೆಸ್ಟ್. ನಮ್ಮಪ್ಪ ಇಲ್ಲಿ ರೈಲ್ವೆ ಪೊಲೀಸಲ್ಲಿ ಪಿಎಸ್‌ಐ ಆಗಿ ರಿಟೈರ್ ಆದವರು, ಲೋಕಲ್ ಟ್ರೈನಿಂದ ಬಿದ್ದು ಸತ್ತವರ ಮನೆಗೆ ಸುದ್ದಿ ಮುಟ್ಟಿಸೋ ಕೆಲಸ ತಾವೇ ಕೇಳಿ ತಗೋತಿದ್ರು, ಫೋನಲ್ಲಿ ಹೇಳಿ ಇಟ್ಟುಬಿಡೋಕೆ ಅವರಿಗೆ ಮನಸ್ಸೇ ಬರ್ತಿರ್ಲಿಲ್ಲ, ಶವಾಗಾರದ ಹೊರಗೆ ಬೆಂಚಲ್ಲಿ ಆ ತಾಯಂದಿರ ಪಕ್ಕ ಕೂತು, ಪಂಚನಾಮೆ ಮುಗಿದ ಮೇಲೆ ಮಗನ ವಾಚು ಪರ್ಸು ಒರೆಸಿ ಕೈಗೆ ಕೊಡ್ತಿದ್ರು. ಅಳೋರ ಜೊತೆ ಅಳಬೇಕು ಅಂತ ಬೈಬಲ್ ಹೇಳೋದನ್ನ ಡ್ಯೂಟಿ ಅಂತಲೇ ತಿಳ್ಕೊಂಡಿದ್ರು, ಹಾಗಂತ ಯಾರಿಗೂ ಬೋಧನೆ ಮಾಡಿದವರಲ್ಲ.

ಈಗ್ಲೂ ಕಲಬುರಗಿ, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರ ಮನೆಯವರು ಅಪ್ಪಂಗೆ ಫೋನ್ ಮಾಡ್ತಾರೆ, ಕಾಗದ ಎಲ್ಲಾ ಮರಾಠಿಲಿ, ಪಾಪ ಏನೂ ತಿಳಿಯಲ್ಲ. ಟಿಕೆಟ್ ಅಥವಾ ಪಾಸ್ ಇದ್ದವರು ರೈಲಿಂದ ಬಿದ್ದು ಸತ್ರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ನಲ್ಲಿ 8 ಲಕ್ಷ ಪರಿಹಾರ ಕೇಳಬಹುದು, 1 ವರ್ಷದೊಳಗೆ ಅರ್ಜಿ ಹಾಕ್ಬೇಕು, ಇದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಪ್ಪಂಗೆ ಮಂಡಿನೋವು, ಓಡಾಡೋಕೆ ಆಗ್ತಿಲ್ಲ. ದಾದರ್, ಕುರ್ಲಾ, ಠಾಣೆ ಕಡೆ ಇರೋ, ಮರಾಠಿ ಕನ್ನಡ ಎರಡೂ ಬರೋರು ಯಾರಾದ್ರೂ ಆಸ್ಪತ್ರೆಗೆ ಹೋಗಿ ಅವರ ಜೊತೆ ಇರೋಕಾಗುತ್ತಾ? ವಕೀಲರಿದ್ರೆ ಇನ್ನೂ ಒಳ್ಳೇದು. ಯಾವ ಧರ್ಮದವರಾದ್ರೂ ಸರಿ. ಇನ್‌ಬಾಕ್ಸ್ ಮಾಡಿ ಪ್ಲೀಸ್, ಏನೇನು ಮಾಡ್ಬೇಕು ಅಂತ ಅಪ್ಪನೇ ಫೋನಲ್ಲಿ ಹೇಳಿಕೊಡ್ತಾರೆ.